ಪುರಾನಾಪುಲ್ ಕಥೆಯನ್ನು ಓದುವುದು ಹೇಗೆ?

ಎರಡು ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿಯ ಮಕ್ಕಳಿಗೆ ‘ನಮ್ಮೂರಿನ ಒಂದು ಹಳೆಯ ಕಟ್ಟಡ’ ಅಂತ ಒಂದು ಪುಟ ಬರೆದುಕೊಂಡು ಬರಲು ಹೇಳಿದ್ದೆ. ಹೈದರಾಬಾದಿನ ಮಕ್ಕಳು. ಬಹಳಷ್ಟು ಜನ ಚಾರ್‌ಮಿನಾರ್ ಬಗ್ಗೆ ಬರೆದರು, ಕೆಲವರು ಗೋಲ್ಕೊಂಡ ಕೋಟೆಯ ಬಗ್ಗೆ. ಕಾರವಾನ್ ಕಡೆಯಿಂದ ಬರುವ ಒಬ್ಬ ಹುಡುಗಿ ಮಾತ್ರ ಪುರಾನಾಪುಲ್ ಬಗ್ಗೆ ಬರೆದಿದ್ದಳು. ಮೂಸಿ ನದಿಯ ಆಚೆ ದಡದಲ್ಲಿ ಭಾಗಮತಿ ಎಂಬ ಚೆಲುವೆ ಇದ್ದಳು, ರಾಜಕುಮಾರ ಮುಹಮ್ಮದ್ ಕುಲಿ ತುಂಬಿದ ಹೊಳೆಯಲ್ಲಿ ಕುದುರೆ ಇಳಿಸಿ ಅವಳನ್ನು ನೋಡಲು ಹೋದ, ಮಗನ ಜೀವಕ್ಕೆ ಹೆದರಿದ ಸುಲ್ತಾನ ಈ ಸೇತುವೆ ಕಟ್ಟಿಸಿದ, ಮೊದಲು ಇದರ ಹೆಸರು ‘ಪ್ಯಾರಾನಾ ಪುಲ್’ ಅಂದರೆ ಪ್ರೀತಿಯ ಸೇತುವೆ ಅಂತಿತ್ತು, ಜನರ ಬಾಯಲ್ಲಿ ಅದು ‘ಪುರಾನಾ ಪುಲ್’ ಆಯಿತು. ಹೀಗೆ. ಅಕ್ಷರ ಮುತ್ತಿನಂತಿತ್ತು.

ನಾನು ಏನು ಮಾಡಿದೆ ಗೊತ್ತೇ? ಬೋರ್ಡಿನ ಮೇಲೆ ಎರಡು ಇಸವಿ ಬರೆದೆ. ಸೇತುವೆ ಕಟ್ಟಿದ್ದು 1578. ಮುಹಮ್ಮದ್ ಕುಲಿ ಹುಟ್ಟಿದ್ದು 1565ರ ಆಸುಪಾಸು. ‘ಕಳೆಯಿರಿ ನೋಡೋಣ’ ಅಂದೆ. ಹುಡುಗರು ಕಳೆದರು, ನಕ್ಕರು. ಹನ್ನೆರಡು ಹದಿಮೂರು ವರ್ಷದ ಪ್ರೇಮಿ! ಆ ಹುಡುಗಿ ನಗಲಿಲ್ಲ. ಪುಸ್ತಕ ವಾಪಸು ತಗೊಳ್ಳುವಾಗ ಮೆಲ್ಲಗೆ ಕೇಳಿದಳು, “ತೋ ಮೇರಿ ದಾದಿ ಝೂಟ್ ಬೋಲೆ ಕ್ಯಾ, ಟೀಚರ್?” ಹಾಗಾದರೆ ನಮ್ಮ ದಾದಿ ಸುಳ್ಳು ಹೇಳಿದರಾ?

ಆ ಪ್ರಶ್ನೆಗೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ‘ಸುಳ್ಳಲ್ಲಮ್ಮ, ಕಥೆ’ ಅಂತ ಏನೋ ಹೇಳಿ ಸುಮ್ಮನಾದೆ. ಆದರೆ ಅದು ಉತ್ತರವಲ್ಲ ಎಂದು ನನಗೇ ಗೊತ್ತಿತ್ತು. ಕಥೆ ಅಂದರೇನು, ಸುಳ್ಳು ಅಂದರೇನು, ಎರಡಕ್ಕೂ ನಡುವೆ ಗೆರೆ ಎಲ್ಲಿದೆ ಎಂಬುದನ್ನು ಬಿ.ಎಡ್. ಮಾಡಿದ ನಾನೇ ಸರಿಯಾಗಿ ಯೋಚಿಸಿರಲಿಲ್ಲ. ಈಗ ಬರೆಯುತ್ತಿರುವುದು ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ. ನೀವೂ ಜೊತೆಗಿರಿ.

ಮೊದಲು ಸೇತುವೆಯನ್ನು ನೋಡೋಣ. ನಾನು ಕಲಬುರಗಿ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಮೊದಲ ಸಲ ಪುರಾನಾಪುಲ್ ನೋಡಿದಾಗ ಇದು ಸೇತುವೆ ಅಂತಲೇ ತಿಳಿಯಲಿಲ್ಲ, ತರಕಾರಿ ಮಾರ್ಕೆಟ್ ಅಂದುಕೊಂಡೆ. ಎರಡೂ ಕಡೆ ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿ ಹರವಿಕೊಂಡು ಕೂತವರು. ಬಸ್ಸು ಲಾರಿಗಳೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ. ಕೆಳಗೆ ಇಳಿದು ನೋಡಿದರೆ ಮಾತ್ರ ಕಲ್ಲಿನ ಕಮಾನುಗಳು ಸಾಲಾಗಿ ಕಾಣುತ್ತವೆ. ಇಪ್ಪತ್ತೆರಡು ಕಮಾನು, ಸುಮಾರು 600 ಅಡಿ ಉದ್ದ. ದಕ್ಷಿಣದ ತುದಿಯಲ್ಲಿ ಹಳೆಯ ಊರಿನ ಕೋಟೆಗೋಡೆಯ ದರವಾಜೆ ಇನ್ನೂ ನಿಂತಿದೆ. ಹೈದರಾಬಾದ್ ಊರು ಹುಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಸೇತುವೆ ಹದಿಮೂರು ವರ್ಷ ದೊಡ್ಡದು. ಹದಿನೇಳನೇ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವಜ್ರದ ವ್ಯಾಪಾರಿ ಟಾವರ್ನಿಯೆ, ಪ್ಯಾರಿಸ್ಸಿನ ಹೆಸರಾಂತ ಪೊಂ ನಫ್ ಸೇತುವೆಗೆ ಇದೇನೂ ಕಡಿಮೆಯಿಲ್ಲ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ.

‘ಪುರಾನಾ’ ಎಂಬ ಹೆಸರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದೊಂದೇ ಇದ್ದಾಗ ಬರೀ ‘ಪುಲ್’. ಮುಂದೆ ಮೂಸಿಗೆ ಬೇರೆ ಸೇತುವೆಗಳು ಬಂದವು. ಅವುಗಳಲ್ಲಿ ಒಂದನ್ನು ಜನ ಇವತ್ತಿಗೂ ‘ನಯಾಪುಲ್’ ಅನ್ನುತ್ತಾರೆ. ಹೊಸದು ಬಂದ ಮೇಲೆ ತಾನೇ ಹಳೆಯದಕ್ಕೆ ಹಳೆಯದು ಎಂಬ ಹೆಸರು ಬರುವುದು? ನಮ್ಮ ಊರುಗಳಲ್ಲಿ ಹಳೇ ಬಸ್‌ಸ್ಟ್ಯಾಂಡ್ ಇರುವ ಹಾಗೆ.

ಇನ್ನು ಭಾಗಮತಿಯ ವಿಷಯಕ್ಕೆ ಬರೋಣ. ಇಲ್ಲಿ ಅವಸರ ಮಾಡಬಾರದು. ನಾನು ಬೋರ್ಡಿನ ಮೇಲೆ ಮಾಡಿದ ತಪ್ಪೇ ಅವಸರ. ಎರಡು ಇಸವಿಯ ಲೆಕ್ಕ ತೋರಿಸುವುದು ಇಷ್ಟೇ: ಸೇತುವೆಯನ್ನು ಆ ಪ್ರೇಮಕ್ಕಾಗಿ ಕಟ್ಟಿಸಿದರು ಎಂಬ ಮಾತು ನಿಲ್ಲುವುದು ಕಷ್ಟ. ಭಾಗಮತಿ ಎಂಬ ಹೆಣ್ಣೇ ಇರಲಿಲ್ಲ ಎಂದು ಆ ಲೆಕ್ಕ ಹೇಳುವುದಿಲ್ಲ. ಇವೆರಡು ಬೇರೆ ಬೇರೆ ಮಾತು.

ಅವಳು ಇದ್ದಳೇ ಇಲ್ಲವೇ ಎಂಬುದರ ಬಗ್ಗೆ ಹೈದರಾಬಾದಿನ ಇಬ್ಬರು ದೊಡ್ಡ ವಿದ್ವಾಂಸರೇ ಎದುರುಬದುರಾಗಿ ನಿಂತಿದ್ದಾರೆ. 1940ರಲ್ಲಿ ಮುಹಮ್ಮದ್ ಕುಲಿಯ ಸಮಗ್ರ ಕಾವ್ಯವನ್ನು ಸಂಪಾದಿಸಿ ನಮ್ಮ ಕೈಗೆ ಕೊಟ್ಟ ಡಾ. ಮೊಹಿಯುದ್ದೀನ್ ಖಾದ್ರಿ ಜೋರ್ ಅವರು ಭಾಗಮತಿಯನ್ನು ನಂಬಿದವರು. ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ಅವರು ನಂಬದವರು. ರಾಜನ ಕವಿತೆಗಳಲ್ಲಿ ಅವನ ‘ಪ್ಯಾರಿ’ಯರ ಹೆಸರುಗಳೆಲ್ಲ ಬರುತ್ತವೆ, ಭಾಗಮತಿಯದು ಮಾತ್ರ ಯಾಕೆ ಇಲ್ಲ ಎಂಬುದು ಈ ಪಕ್ಷದ ಒಂದು ಮುಖ್ಯ ಪ್ರಶ್ನೆ. ಆದರೆ ಅವಳ ಹೆಸರು ಹೇಳುವ ಹಳೆಯ ಬರಹಗಳೂ ಇವೆ. ಅಕ್ಬರ್ ಬಾದಶಹನ ಕವಿ ಫೈಜಿ ದಖ್ಖನಿಗೆ ರಾಯಭಾರಿಯಾಗಿ ಬಂದಾಗ ಕಳಿಸಿದ ವರದಿಯಲ್ಲಿ ಭಾಗಮತಿಯ ಹೆಸರಿನಲ್ಲಿ ಕಟ್ಟಿದ ಊರಿನ ಮಾತು ಬರುತ್ತದೆ. ನಮ್ಮ ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಕೂತು ಫಾರ್ಸಿಯಲ್ಲಿ ಇತಿಹಾಸ ಬರೆದ ಫಿರಿಶ್ತಾ ಕೂಡ ಹಾಗೇ ಹೇಳುತ್ತಾನೆ. ಇಬ್ಬರೂ ಆ ಕಾಲದವರು. ಇಬ್ಬರೂ ಗೋಲ್ಕೊಂಡಕ್ಕೆ ಹೊರಗಿನವರು. ಅವರು ಹೇಳಿದ್ದು ಗೌರವದ ದನಿಯಲ್ಲೂ ಅಲ್ಲ. ಟಾವರ್ನಿಯೆ ಇನ್ನೊಂದು ಕಥೆ ಕೇಳಿಸಿಕೊಂಡಿದ್ದ: ರಾಣಿಯ ಹೆಸರು ‘ನಗರ್’, ಅವಳ ಬಾಗ್ ಅಂದರೆ ತೋಟದಿಂದ ‘ಬಾಗ್‌ನಗರ್’. ನೋಡಿ, ರಾಜ ಹೋಗಿ ಒಂದು ನೂರು ವರ್ಷ ತುಂಬುವುದರೊಳಗೆ ಕಥೆಗೆ ಎಷ್ಟು ರೆಕ್ಕೆ!

ಈ ವಾದದಲ್ಲಿ ತೀರ್ಪು ಕೊಡಲು ನಾನು ಇತಿಹಾಸಕಾರಳಲ್ಲ. ಆದರೆ ಓದುಗಳಾಗಿ ಒಂದು ವಿಷಯ ಗಮನಿಸಿದ್ದೇನೆ. ಇವತ್ತು ಭಾಗಮತಿಯ ಬಗ್ಗೆ ಜೋರಾಗಿ ಮಾತಾಡುವವರಲ್ಲಿ ಹೆಚ್ಚಿನವರಿಗೆ ಅವಳ ಬಗ್ಗೆ ತಿಳಿಯುವ ಆಸೆ ಇಲ್ಲ. ಒಂದು ಕಡೆಯವರಿಗೆ ಅವಳು ಊರಿನ ಹೆಸರು ಬದಲಿಸಲು ಬೇಕು. ಚುನಾವಣೆ ಬಂದಾಗ ಅವಳ ನೆನಪಾಗುತ್ತದೆ. ಇನ್ನೊಂದು ಕಡೆಯವರಿಗೆ, ಅಂದರೆ ನಮ್ಮಂಥವರಿಗೆ, ಅವಳು ಸರ್ಟಿಫಿಕೇಟಾಗಿ ಬೇಕು. ನೋಡಿ, ನಮ್ಮ ಸುಲ್ತಾನರು ಎಷ್ಟು ಪ್ರೀತಿಯಿಂದಿದ್ದರು ಅಂತ ತೋರಿಸಲು. ಸಭೆಗಳಲ್ಲಿ, ಪ್ರಬಂಧ ಸ್ಪರ್ಧೆಗಳಲ್ಲಿ ನಾನೂ ಹೀಗೆ ಭಾಷಣ ಮಾಡಿದ್ದೇನೆ. ಇವತ್ತು ನಾಚಿಕೆಯಾಗುತ್ತದೆ. ಸಾಮರಸ್ಯಕ್ಕೆ ಸಾಕ್ಷಿ ಬೇಕೆಂದರೆ ಗಟ್ಟಿಯಾದ ಸಾಕ್ಷಿಯನ್ನೇ ಹುಡುಕಬೇಕು. ಇಸವಿ ಕಳೆದರೆ ಬೀಳುವ ಸಾಕ್ಷಿಯನ್ನು ಮಕ್ಕಳ ಕೈಗೆ ಕೊಟ್ಟರೆ, ನಾಳೆ ಯಾರೋ ಆ ಇಸವಿ ಕಳೆದು ನಕ್ಕಾಗ ಆ ಮಗು ಕಥೆಯನ್ನಷ್ಟೇ ಅಲ್ಲ, ಸಾಮರಸ್ಯವನ್ನೂ ಸುಳ್ಳು ಅಂದುಕೊಳ್ಳುತ್ತದೆ. ನನ್ನ ತರಗತಿಯಲ್ಲಿ ಆಗಿದ್ದು ಹೆಚ್ಚುಕಮ್ಮಿ ಇದೇ.

ಈಗ ಸಾಹಿತ್ಯಕ್ಕೆ ಬರೋಣ. ಪುರಾನಾಪುಲ್ ಕಥೆ ಹೇಳುವವರು ಕೊನೆಗೆ ಒಂದು ಕಾವ್ಯದ ಹೆಸರು ತರುತ್ತಾರೆ: ಮುಲ್ಲಾ ವಜ್ಹಿಯ ‘ಕುತುಬ್ ಮುಶ್ತರಿ’. 1609ರಲ್ಲಿ, ಮುಹಮ್ಮದ್ ಕುಲಿ ಇನ್ನೂ ಆಳುತ್ತಿದ್ದಾಗಲೇ ಬರೆದ ದಖ್ನಿ ಮಸ್ನವಿ. ಕಾವ್ಯದ ನಾಯಕ ಆ ರಾಜನೇ. ‘ಮುಶ್ತರಿ ಅಂದರೆ ಭಾಗಮತಿಯೇ, ಕವಿ ಹೆಸರು ಮರೆಸಿ ಬರೆದಿದ್ದಾನೆ’ ಎಂಬುದು ವಾದ. ಇದನ್ನು ಹೇಳುವ ಬಹಳ ಜನ ಮಸ್ನವಿಯನ್ನು ಓದಿರುವುದಿಲ್ಲ. ನಾನೂ ಓದದೆಯೇ ಹೇಳಿಕೊಂಡು ಬಂದಿದ್ದೆ. ಓದಿದ ಮೇಲೆ ಬೇರೆಯೇ ಕಂಡಿತು.

ಕಥೆ ಹೀಗಿದೆ. ರಾಜಕುಮಾರ ಕುತುಬ್ ಕನಸಿನಲ್ಲಿ ಒಬ್ಬ ಚೆಲುವೆಯನ್ನು ಕಾಣುತ್ತಾನೆ. ಊಟ ನಿದ್ರೆ ಬಿಡುತ್ತಾನೆ. ಉತಾರಿದ್ ಎಂಬ ಚಿತ್ರಕಾರ, ಅವಳು ಬಂಗಾಳದ ರಾಜಕುಮಾರಿ ಮುಶ್ತರಿ ಎಂದು ಹೇಳುತ್ತಾನೆ. ಇಬ್ಬರೂ ಬಂಗಾಳಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಘಟಸರ್ಪ, ರಾಕ್ಷಸ, ಸೆರೆಯಲ್ಲಿದ್ದ ಮಿರ್ರೀಖ್ ಖಾನ್, ಮಹತಾಬ್ ಎಂಬ ಪರಿ. ಕುತುಬ್ ಪರಿಯ ಹತ್ತಿರ ಉಳಿದಾಗ ಚಿತ್ರಕಾರ ಮುಂದೆ ಹೋಗಿ ಮುಶ್ತರಿಯ ಅರಮನೆಯ ಗೋಡೆಯಲ್ಲಿ ರಾಜಕುಮಾರನ ಚಿತ್ರ ಬರೆಯುತ್ತಾನೆ. ಅದನ್ನು ನೋಡಿ ಮುಶ್ತರಿ ಮನಸೋಲುತ್ತಾಳೆ. ಕೊನೆಗೆ ಇಬ್ಬರೂ ಗೋಲ್ಕೊಂಡಕ್ಕೆ ಬರುತ್ತಾರೆ. ಮುಶ್ತರಿಯ ತಂಗಿ ಜೊಹರಾ ಮಿರ್ರೀಖ್ ಖಾನನ ಕೈ ಹಿಡಿಯುತ್ತಾಳೆ.

ಈ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ಓದಿ. ಕುತುಬ್ ಅಂದರೆ ಧ್ರುವ ನಕ್ಷತ್ರ. ಮುಶ್ತರಿ ಅಂದರೆ ಗುರುಗ್ರಹ. ಉತಾರಿದ್ ಬುಧ. ಮಿರ್ರೀಖ್ ಮಂಗಳ. ಜೊಹರಾ ಶುಕ್ರ. ಮಹತಾಬ್ ಬೆಳದಿಂಗಳು. ವಜ್ಹಿ ಇಡೀ ಆಕಾಶವನ್ನೇ ಗೋಲ್ಕೊಂಡಕ್ಕೆ ಇಳಿಸಿದ್ದಾನೆ. ಅಲುಗದ ಧ್ರುವನ ಸುತ್ತ ಗ್ರಹಗಳೆಲ್ಲ ಓಡಾಡುತ್ತವೆ. ಅರಸರ ಮನೆತನದ ಹೆಸರೇ ಕುತುಬ್‌ಶಾಹಿ ಆಗಿರುವಾಗ ಕವಿಗೆ ಇದಕ್ಕಿಂತ ಚೆನ್ನಾದ ಹೊಗಳಿಕೆ ಎಲ್ಲಿ ಸಿಗಬೇಕು? ಅಂದಮೇಲೆ ಮುಶ್ತರಿಯನ್ನು ಮೂಸಿಯ ದಡದ ಚಿಚಲಂ ಹಳ್ಳಿಯ ಒಬ್ಬ ಹೆಣ್ಣಿನ ಮುಸುಕು ಎಂದು ಓದಿದರೆ ಕವಿಯ ಈ ಪೂರ್ತಿ ಕಟ್ಟಡ ಕುಸಿಯುತ್ತದೆ. ಗುರು ಒಬ್ಬಳು ಭಾಗಮತಿಯಾದರೆ ಬುಧ ಯಾರು, ಮಂಗಳ ಯಾರು? ಅವರಿಗೂ ಹಳ್ಳಿ ಹುಡುಕೋಣವೇ? ಈ ಕಾವ್ಯದ ಪ್ರೇಮ ಮೂಸಿ ದಾಟಿ ಮುಗಿಯುವುದಿಲ್ಲ, ಬಂಗಾಳದವರೆಗೆ ಹೋಗುತ್ತದೆ. ಅದನ್ನು ಪುರಾನಾಪುಲ್ ಮೇಲೆ ತಂದು ನಿಲ್ಲಿಸಿದವರು ನಾವು.

ಹಾಗಂತ ವಜ್ಹಿಯನ್ನು ನಾನು ಪೂರಾ ಮೆಚ್ಚಿದ್ದೇನೆ ಅಂತಲ್ಲ. ಇದು ಆಸ್ಥಾನದ ಕಾವ್ಯ. ಹನ್ನೆರಡೇ ದಿನದಲ್ಲಿ ಬರೆದು ಮುಗಿಸಿದೆ ಅಂತ ಕವಿಯೇ ಹೇಳಿಕೊಳ್ಳುತ್ತಾನೆ. ಕೆಲವು ಕಡೆ ಆ ಅವಸರ ಕಾಣುತ್ತದೆ. ರಾಕ್ಷಸ ಬರುತ್ತಾನೆ, ಸಾಯುತ್ತಾನೆ, ಮುಂದಿನದು. ನಾಯಕ ರಾಜನಾದ್ದರಿಂದ ಅವನು ಸೋಲುತ್ತಾನೆಂಬ ಭಯ ಓದುಗನಿಗೆ ಎಲ್ಲೂ ಹುಟ್ಟುವುದಿಲ್ಲ. ಆದರೆ ಎರಡು ಕಾರಣಕ್ಕೆ ನೀವು ಇದನ್ನು ಓದಲೇಬೇಕು.

ಒಂದು, ಭಾಷೆ. ಪಾಠಪುಸ್ತಕದ ಉರ್ದುವನ್ನಷ್ಟೇ ಓದಿದ ನಮಗೆ, ಮನೆಯಲ್ಲಿ ಆಡುವ ದಖ್ನಿ ಅಂದರೆ ಕೆಟ್ಟ ಉರ್ದು ಎಂದು ಹೇಳಿಕೊಟ್ಟಿದ್ದಾರೆ. ‘ನಕ್ಕೋ’ ಅಂದರೆ ನಗುತ್ತಾರೆ. ವಜ್ಹಿಯನ್ನು ಓದುವಾಗ ನನಗೆ ನಮ್ಮ ಅಮ್ಮಿಯ ಅಡುಗೆಮನೆಯ ಮಾತು ಕೇಳಿಸಿತು. ಫಾರ್ಸಿ ಪದದ ಪಕ್ಕದಲ್ಲೇ ದೇಸಿ ಪದ, ಒಂದಕ್ಕೊಂದು ಮುಜುಗರವಿಲ್ಲದೆ ಕೂತಿವೆ. ನಾವು ನಾಚಿಕೊಳ್ಳುವ ಮಾತಿನಲ್ಲಿ ನಾನೂರು ವರ್ಷದ ಹಿಂದೆ ಒಬ್ಬ ದೊಡ್ಡ ಕವಿ ರಾಜನ ಮುಂದೆ ಕಾವ್ಯ ಓದಿದ್ದ. ಕಲಬುರಗಿ, ಬೀದರ್, ರಾಯಚೂರಿನಿಂದ ಬಂದು ಇಲ್ಲಿ ಬದುಕುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಎರಡು, ಮಸ್ನವಿಯ ಮೊದಲಲ್ಲಿ ವಜ್ಹಿ ಕವಿತೆ ಅಂದರೆ ಹೇಗಿರಬೇಕು ಎಂದು ವಿವರಿಸುತ್ತಾನೆ. ದಖ್ನಿಯ ಮೊದಮೊದಲ ವಿಮರ್ಶೆ ಅನ್ನಬಹುದು. ಅವನ ಪ್ರಕಾರ ಬಹಳ ಹೇಳುವುದಕ್ಕಿಂತ ಒಂದೇ ಮಾತನ್ನು ಚೆನ್ನಾಗಿ ಹೇಳುವುದು ಮೇಲು. ಮಾತು ಸರಳವಾಗಿರಬೇಕು. ಒಂದು ಮಾತಿಗೂ ಇನ್ನೊಂದು ಮಾತಿಗೂ ‘ರಬ್ತ್’, ಅಂದರೆ ಸಂಬಂಧ ಇರಬೇಕು. ಸಂಬಂಧವಿಲ್ಲದ ಮಾತು ಕವಿತೆಯಲ್ಲ.

ವಜ್ಹಿಯ ಈ ಅಳತೆಗೋಲನ್ನೇ ಸೇತುವೆಯ ಕಥೆಗೆ ಇಟ್ಟು ನೋಡೋಣ. ಇಸವಿಯನ್ನು ಪಕ್ಕಕ್ಕಿಡಿ. ಬರೀ ಕಥೆಯಾಗಿ ಇದು ಹೇಗಿದೆ? ತುಂಬಿದ ಹೊಳೆ, ಕುದುರೆ, ಹೆದರಿದ ಅಪ್ಪ. ಇಲ್ಲಿಯವರೆಗೆ ಚೆನ್ನಾಗಿದೆ. ಆದರೆ ಭಾಗಮತಿ ಏನು ಮಾಡುತ್ತಾಳೆ? ಏನೂ ಮಾಡುವುದಿಲ್ಲ. ಆಚೆ ದಡದಲ್ಲಿ ಕೂತಿರುತ್ತಾಳೆ. ರಾಜಕುಮಾರ ದಾಟುತ್ತಾನೆ, ಸುಲ್ತಾನ ಕಟ್ಟುತ್ತಾನೆ, ಊರಿಗೆ ಹೆಸರು ಇಡುತ್ತಾರೆ. ಅವಳ ಬಾಯಲ್ಲಿ ಒಂದು ಮಾತಿಲ್ಲ. ಅವಳಿಗೆ ಅವನು ಬೇಕಾಗಿದ್ದನೇ? ಮನೆಯವರು ಏನೆಂದರು? ಅರಮನೆಗೆ ಹೋದ ಮೇಲೆ ಅವಳಿಗೆ ಆಚೆ ದಡದ ನೆನಪಾಗುತ್ತಿತ್ತೇ? ಕಥೆಗೆ ಅದು ಬೇಕಿಲ್ಲ. ವಜ್ಹಿಯ ಮುಶ್ತರಿಯಾದರೂ ಗೋಡೆಯ ಚಿತ್ರ ನೋಡಿ ತಾನೇ ಆಸೆಪಡುತ್ತಾಳೆ. ಭಾಗಮತಿಗೆ ಅಷ್ಟೂ ಇಲ್ಲ.

ಇದಕ್ಕೆ ಎದುರಾಗಿ ನಾವು ಕನ್ನಡ ಶಾಲೆಯಲ್ಲಿ ಓದಿದ ‘ಕೆರೆಗೆ ಹಾರ’ವನ್ನು ನೆನಪಿಸಿಕೊಳ್ಳಿ. ಅದೂ ಒಂದು ಕಟ್ಟಡದ ಕಥೆಯೇ. ಕೆರೆಯಲ್ಲಿ ನೀರು ಬರಲಿಲ್ಲ ಅಂತ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಅದು ಯಾವ ಇಸವಿ ಎಂದು ಯಾರೂ ಕೇಳುವುದಿಲ್ಲ. ಯಾಕೆ? ಆ ಹಾಡು ತಾನು ಇತಿಹಾಸ ಅಂತ ಹೇಳಿಕೊಳ್ಳುವುದೂ ಇಲ್ಲ, ಯಾರನ್ನೂ ಹೊಗಳುವುದೂ ಇಲ್ಲ. ಭಾಗೀರಥಿ ತವರಿಗೆ ಹೋಗುತ್ತಾಳೆ, ಗೆಳತಿಯ ಮನೆಗೆ ಹೋಗುತ್ತಾಳೆ, ವಿಷಯವನ್ನು ಒಬ್ಬಳಿಗೆ ಮುಚ್ಚಿಡುತ್ತಾಳೆ, ಇನ್ನೊಬ್ಬಳಿಗೆ ಹೇಳುತ್ತಾಳೆ. ಕೆರೆಯಿಂದ ಊರಿಗೆ ಒಳ್ಳೆಯದಾಯಿತು ಎಂದು ನಾವು ಸಮಾಧಾನ ಮಾಡಿಕೊಳ್ಳಲು ಆ ಹಾಡು ಬಿಡುವುದಿಲ್ಲ. ಜನಪದ ಕಥೆ ಎಂಬ ಕಾರಣಕ್ಕೇ ಒಂದು ಕಥೆ ದೊಡ್ಡದಾಗುವುದಿಲ್ಲ, ಸಣ್ಣದೂ ಆಗುವುದಿಲ್ಲ. ಅದು ಯಾರಿಗೆ ನೆಮ್ಮದಿ ಕೊಡುತ್ತದೆ, ಯಾರ ಬಾಯಿ ಮುಚ್ಚಿಸುತ್ತದೆ ಅಂತ ನೋಡಬೇಕು. ಭಾಗಮತಿಯ ಕಥೆ, ನಾವು ಈಗ ಹೇಳುವ ರೂಪದಲ್ಲಿ, ಕೇಳುವ ಎಲ್ಲರಿಗೂ ನೆಮ್ಮದಿ ಕೊಡುತ್ತದೆ, ಭಾಗಮತಿಯೊಬ್ಬಳನ್ನು ಬಿಟ್ಟು. ಅವಳ ಕಥೆಯ ಮೇಲೆ ನನ್ನ ದೊಡ್ಡ ಆಕ್ಷೇಪ ಇದು. ಇಸವಿಯ ಆಕ್ಷೇಪ ಇದಕ್ಕಿಂತ ಚಿಕ್ಕದು.

ಈ ಕಥೆಯ ಹಿಂದೆ ಸೇತುವೆ ಕಟ್ಟಿಸಿದವನೂ ಮರೆಯಾಗಿದ್ದಾನೆ. ಅವನು ಇಬ್ರಾಹಿಂ ಕುತುಬ್‌ಶಾಹ. ಕಥೆಯಲ್ಲಿ ಅವನು ಬರೀ ಹೆದರಿದ ಅಪ್ಪ. ನಿಜದಲ್ಲಿ ಅವನ ಬದುಕೇ ಒಂದು ಕಾದಂಬರಿ. ಅಣ್ಣನಿಗೆ ಹೆದರಿ ಓಡಿಹೋದ ಈ ರಾಜಕುಮಾರನಿಗೆ ಏಳು ವರ್ಷ ಆಶ್ರಯ ಕೊಟ್ಟದ್ದು ವಿಜಯನಗರ, ರಾಮರಾಯನ ಆಸ್ಥಾನ. ಅಂದರೆ ನಮ್ಮ ಹಂಪಿ. 1550ರಲ್ಲಿ ಗೋಲ್ಕೊಂಡದ ಗದ್ದುಗೆ ಏರಿದ. 1565ರ ಯುದ್ಧದಲ್ಲಿ ಅದೇ ರಾಮರಾಯನ ಎದುರು ಉಳಿದ ಸುಲ್ತಾನರ ಜೊತೆ ನಿಂತ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ಬೇಡ. ಅವನೇ ತೆಲುಗು ಕವಿಗಳನ್ನು ಆಸ್ಥಾನಕ್ಕೆ ಕರೆದ. ಅದ್ದಂಕಿ ಗಂಗಾಧರ ಕವಿ ತನ್ನ ‘ತಪತೀ ಸಂವರಣೋಪಾಖ್ಯಾನ’ವನ್ನು ಅವನಿಗೆ ಅರ್ಪಿಸಿದ. ತೆಲುಗು ಕವಿಗಳು ಅವನ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ‘ಮಲ್ಕಿಭರಾಮ’ ಅಂದರು. ಮಹಾಭಾರತದ ಒಂದು ಉಪಾಖ್ಯಾನ, ಬರೆದದ್ದು ತೆಲುಗಿನಲ್ಲಿ, ಅರ್ಪಣೆ ಒಬ್ಬ ಮುಸ್ಲಿಂ ಸುಲ್ತಾನನಿಗೆ. ಸಾಮರಸ್ಯಕ್ಕೆ ಗಟ್ಟಿ ಸಾಕ್ಷಿ ಕೇಳಿದೆನಲ್ಲ, ಇದು ಅಂಥದ್ದು. ಯಾವ ಇಸವಿ ಕಳೆದರೂ ಬೀಳುವುದಿಲ್ಲ. ಯುದ್ಧವೂ ಇದೆ, ಕಾವ್ಯವೂ ಇದೆ. ಎರಡನ್ನೂ ಒಟ್ಟಿಗೆ ಹೇಳಿಕೊಟ್ಟರೆ ಮಕ್ಕಳು ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲಾಗದವರು ನಾವು ದೊಡ್ಡವರು.

ಸೇತುವೆಯಿಂದ ಏನು ನಡೆಯಿತು ಎಂಬುದಕ್ಕೂ ಹೆಚ್ಚು ಊಹೆ ಬೇಕಿಲ್ಲ. ಗೋಲ್ಕೊಂಡ ಕೋಟೆಯ ಕಡೆಯ ದಾರಿಯನ್ನು ಅದು ಹೊಳೆಯ ದಕ್ಷಿಣಕ್ಕೆ ದಾಟಿಸಿತು. ಕಾರವಾನ್ ಎಂಬ ಹೆಸರೇ ಹೇಳುವ ಹಾಗೆ ಈ ದಡದಲ್ಲಿ ವ್ಯಾಪಾರಿಗಳ ಸಾಲುಗಳು ಇಳಿಯುತ್ತಿದ್ದವು, ವಜ್ರದ ವ್ಯಾಪಾರ ನಡೆಯುತ್ತಿತ್ತು. ಹದಿಮೂರು ವರ್ಷದ ನಂತರ ಆ ದಕ್ಷಿಣ ದಡದಲ್ಲೇ ಹೊಸ ಊರು ಎದ್ದಿತು.

ಇನ್ನೊಂದು ಕವಿತೆ ಉಳಿದಿದೆ. ಮೂಸಿಯ ದಡದಲ್ಲಿ ಓದಲೇಬೇಕಾದ ಕವಿತೆ ನನ್ನ ಲೆಕ್ಕದಲ್ಲಿ ಅದೇ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್ ಕಡೆಯ ಸೇತುವೆ, ಮುಸಲ್ಲಮ್ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ, ಮೂರೂ ಕೊಚ್ಚಿಹೋದವು. ಎಲ್ಲಕ್ಕಿಂತ ಹಳೆಯದಾದ ಪುರಾನಾಪುಲ್ ಪೆಟ್ಟು ತಿಂದರೂ ನಿಂತಿತು. ಅಫ್ಜಲ್‌ಗಂಜಿನಲ್ಲಿ ಒಂದು ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ.

ಆ ರಾತ್ರಿಯ ನೀರಿನಲ್ಲಿ ಅಮ್ಜದ್ ಹೈದರಾಬಾದಿ ಎಂಬ ಯುವಕವಿ ತನ್ನ ತಾಯಿ, ಹೆಂಡತಿ, ಮಗಳನ್ನು ಕಳೆದುಕೊಂಡ. ತಾನೊಬ್ಬ ಉಳಿದ. ಮುಂದೆ ರುಬಾಯಿಗಳಿಗೆ ದೊಡ್ಡ ಹೆಸರು ಪಡೆದ ಕವಿ ಇವನೇ. ಪ್ರವಾಹದ ಬಗ್ಗೆ ಬರೆದ ಕವಿತೆಗೆ ಅವನು ಇಟ್ಟ ಹೆಸರು ‘ಕಯಾಮತೆ ಸುಗ್ರಾ’. ಈ ಹೆಸರನ್ನು ಮದರಸಾದಲ್ಲಿ ಸ್ವಲ್ಪ ಓದಿದವರೂ ಹಿಡಿಯಬಲ್ಲರು. ಕಯಾಮತ್ ಎರಡು ಬಗೆ. ದೊಡ್ಡದು ಇಡೀ ಲೋಕದ ಕೊನೆ. ಚಿಕ್ಕದು ಒಬ್ಬೊಬ್ಬರ ಸಾವು, ಅವರವರ ಪಾಲಿನ ಕೊನೆ. ಅಷ್ಟು ದೊಡ್ಡ ಊರು ಮುಳುಗಿದಾಗ ಯಾವ ಕವಿಯಾದರೂ ಮಹಾಪ್ರಳಯ ಅನ್ನುತ್ತಿದ್ದ. ಅಮ್ಜದ್ ‘ಚಿಕ್ಕದು’ ಅಂದ. ಆ ಪದದಲ್ಲಿ ಒಂದು ವಿಶ್ವಾಸವಿದೆ: ದೊಡ್ಡ ಕಯಾಮತ್ ತರುವುದು ಅಲ್ಲಾಹನ ಕೆಲಸ, ಅದರ ಹೆಸರನ್ನು ನನ್ನ ದುಃಖಕ್ಕೆ ನಾನು ಇಡಲಾರೆ. ಇನ್ನೊಂದು ದುಃಖವೂ ಇದೆ: ಪತ್ರಿಕೆಗಳಿಗೆ ಸತ್ತವರು ಸಾವಿರಾರು, ನನಗೆ ಮೂವರು. ಒಂದೇ ಪದದಲ್ಲಿ ಎರಡೂ ಹೊಂದಿಕೊಂಡಿವೆ. ವಜ್ಹಿ ಕೇಳಿದ ‘ರಬ್ತ್’ ಅಂದರೆ ಇದೇ ಇರಬೇಕು ಅಂತ ನನಗನ್ನಿಸಿತು.

ಆ ಪ್ರವಾಹದ ನಂತರ ನಿಜಾಮ ಸರಕಾರ ಕರೆಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಮೂಸಿ ಮತ್ತೆ ಊರಿಗೆ ನುಗ್ಗದಂತೆ ಮೇಲುಗಡೆ ನೀರು ತಡೆಯುವ ಯೋಜನೆ ಅವರದು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ್, 1927ರಲ್ಲಿ ಹಿಮಾಯತ್ ಸಾಗರ್ ಮುಗಿದವು. ಹೈದರಾಬಾದಿನಲ್ಲಿರುವ ನಮ್ಮ ಕನ್ನಡದ ಮಕ್ಕಳು ಈ ಕೆರೆಗಳಿಗೆ ಪಿಕ್ನಿಕ್ ಹೋಗುತ್ತಾರೆ. ಇದರ ಹಿಂದೆ ಅಮ್ಜದನ ಮನೆಯ ಮೂವರಿದ್ದಾರೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಪ್ರೇಮದ ಕಥೆ ಎಲ್ಲರ ಬಾಯಲ್ಲಿದೆ. ಪ್ರವಾಹದ ಕವಿತೆಯನ್ನು ಮಕ್ಕಳು ಕೇಳಿಯೇ ಇಲ್ಲ. ಪ್ರೇಮಕಥೆಯನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದು ಹೊಳೆಯ ದಡದ ಜಾಗವನ್ನೆಲ್ಲ ತಾನೇ ತುಂಬಿಕೊಂಡು, ಕಟ್ಟಿದವನಿಗೂ ಮುಳುಗಿದವರಿಗೂ ಜಾಗ ಬಿಟ್ಟಿಲ್ಲ. ಹಾಗೆ ಮಾಡಿದ್ದು ಕಥೆಯಲ್ಲ, ಸುಲಭದ್ದನ್ನೇ ಹೇಳಿಕೊಡುವ ನಮ್ಮಂಥ ಮೇಷ್ಟರುಗಳು.

ವಿದ್ಯಾರ್ಥಿಗಳಿಗೆ ಒಂದು ಮಾತು. ಹಳೆಯ ಕಟ್ಟಡದ ಬಗ್ಗೆ ಬರೆಯುವಾಗ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಕಲ್ಲಿನ ಬಗ್ಗೆ ಏನು ಗೊತ್ತಿದೆ? ಜನ ಏನು ಹೇಳುತ್ತಾರೆ? ಕವಿ ಏನು ಬರೆದಿದ್ದಾನೆ? ಮೂರನ್ನೂ ಬರೆಯಿರಿ. ಆದರೆ ಜನ ಹೇಳುವುದನ್ನು ಕಲ್ಲಿನ ಬಾಯಲ್ಲಿ ಹಾಕಬೇಡಿ, ಕವಿ ಬರೆದದ್ದನ್ನು ಜನರ ಮಾತಿಗೆ ಸಾಕ್ಷಿ ಮಾಡಬೇಡಿ. ಓದದ ಪುಸ್ತಕದ ಹೆಸರನ್ನಂತೂ ತರಲೇಬೇಡಿ. ಇದು ನನಗೂ ಹೇಳಿಕೊಳ್ಳುತ್ತಿರುವ ಮಾತು.

ಆ ಹುಡುಗಿ ಈಗ ಹನ್ನೊಂದನೇ ತರಗತಿ, ಬೇರೆ ಕಾಲೇಜು. ಕಳೆದ ರಮಜಾನಿನಲ್ಲಿ ಇಫ್ತಾರಿಗೆ ಹಣ್ಣು ತರಲು ಪುರಾನಾಪುಲ್ ಕಡೆ ಹೋದಾಗ ಸಿಕ್ಕಿದಳು, ಜೊತೆಗೆ ದಾದಿಯೂ ಇದ್ದರು. ನಾನೇ ಮಾತು ತೆಗೆದೆ. ‘ಅವತ್ತು ನೀನು ಕೇಳಿದ್ದಕ್ಕೆ ಸರಿಯಾಗಿ ಹೇಳಲಿಲ್ಲ ಬೇಟಾ. ದಾದಿ ಸುಳ್ಳು ಹೇಳಲಿಲ್ಲ. ಅವರು ಕೇಳಿದ ಕಥೆಯನ್ನು ನಿನಗೆ ಹೇಳಿದರು. ಅದನ್ನು ಇತಿಹಾಸ ಅಂತ ಕಲಿಸಿದವರು ನಾವು’ ಅಂದೆ. ಹುಡುಗಿ ನಕ್ಕಳು. ದಾದಿ ನಗಲಿಲ್ಲ. ಅವರ ಮನೆಯಲ್ಲಿ ಈ ಕಥೆ ಹೇಳುತ್ತಿದ್ದುದು ಅವರ ಅತ್ತೆಯಂತೆ. ಆ ಅತ್ತೆ ಚಿಕ್ಕ ಹುಡುಗಿಯಾಗಿದ್ದಾಗ 1908ರ ನೀರು ಮನೆಗೆ ನುಗ್ಗಿತ್ತಂತೆ, ಆಚೆ ದಡಕ್ಕೆ ಹೋಗಲು ಈ ಸೇತುವೆಯೇ ದಾರಿಯಾಯಿತಂತೆ. ‘ಆ ಕಥೆಯನ್ನು ಮೊಮ್ಮಗಳಿಗೆ ಹೇಳಿದ್ದೀರಾ?’ ಅಂತ ಕೇಳಿದೆ. ಇಲ್ಲ, ಯಾರೂ ಕೇಳಲಿಲ್ಲ ಅಂದರು.

ಮುಂದಿನ ವರ್ಷ ಮಕ್ಕಳಿಗೆ ಇದೇ ಪ್ರಾಜೆಕ್ಟ್ ಕೊಡುವಾಗ, ಮನೆಯ ಹಿರಿಯರಿಗೆ ಕಟ್ಟಡದ ಕಥೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಂಡು ಬನ್ನಿ ಅಂತ ಹೇಳುತ್ತೇನೆ: ಅಲ್ಲಿ ನಮ್ಮವರಿಗೆ ಏನಾಯಿತು?